ಫ್ಲೋರಿನ್‌ಗೆ ಬೇಕಾದ ಒಂದು ಎಲೆಕ್ಟ್ರಾನ್

ಕೇಳುಗರೆಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯ ಮಕ್ಕಳೂ ಅವರ ಪಕ್ಕದಲ್ಲಿ ಕುಳಿತ ತಾಯಂದಿರೂ ಕೇಳುತ್ತಿದ್ದಾರೆಂದು ಭಾವಿಸಿ ಮಾತನಾಡುತ್ತೇನೆ.

ಪರಮಾಣುವಿಗೆ ಎಂಟು ಎಲೆಕ್ಟ್ರಾನ್‌ಗಳ ಆಸೆಯಿದೆ ಎಂದು ಕಂಠಪಾಠ ಮಾಡಿಸುವವರ ಮೇಲೆ ನನಗೆ ಸ್ವಲ್ಪ ಮುನಿಸಿದೆ. ಪರಮಾಣುವಿಗೆ ಆಸೆಯಿಲ್ಲ, ಇರುವುದು ಸೆಳೆತ. ನಡುವಿನ ಬೀಜಕೇಂದ್ರದಲ್ಲಿರುವ ಧನ ಆವೇಶದ ಪ್ರೋಟಾನ್‌ಗಳು ಋಣ ಆವೇಶದ ಎಲೆಕ್ಟ್ರಾನ್‌ಗಳನ್ನು ತಮ್ಮತ್ತ ಎಳೆಯುತ್ತವೆ. ಹತ್ತಿರವಿದ್ದಷ್ಟೂ ಸೆಳೆತ ಹೆಚ್ಚು. ಫ್ಲೋರಿನ್‌ನಲ್ಲಿ 9 ಪ್ರೋಟಾನ್‌ಗಳಿವೆ. ಎಲೆಕ್ಟ್ರಾನ್‌ಗಳು ಒಳಕವಚದಲ್ಲಿ 2, ಹೊರಕವಚದಲ್ಲಿ 7. ಒಳಗಿನ ಎರಡು ಆ ಸೆಳೆತಕ್ಕೆ ಅಡ್ಡಬಂದರೂ ಹೊರಕವಚ ಕೇಂದ್ರಕ್ಕೆ ಬಲು ಹತ್ತಿರದಲ್ಲಿದೆ, ಅಲ್ಲಿ ಒಂದು ಸ್ಥಾನವೂ ಖಾಲಿಯಿದೆ. ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ 1932ರಲ್ಲಿ ರೂಪಿಸಿದ ಅಳತೆಪಟ್ಟಿಯಲ್ಲಿ, ಎರಡು ಪರಮಾಣುಗಳ ನಡುವಿನ ಬಂಧದೊಳಗಿನ ಎಲೆಕ್ಟ್ರಾನ್‌ಗಳನ್ನು ಎಳೆಯುವುದರಲ್ಲಿ ಫ್ಲೋರಿನ್‌ಗೇ ಮೊದಲ ಸ್ಥಾನ.

ಬಾಗೇಪಲ್ಲಿ ತಾಲ್ಲೂಕಿನ ಶಾಲೆಯೊಂದರಲ್ಲಿ ಇದನ್ನೇ ಹೇಳುತ್ತಿದ್ದೆ. ಹಲ್ಲಿನ ಮೇಲೆ ಕಂದು ಗೆರೆಗಳಿದ್ದ ಹುಡುಗಿಯೊಬ್ಬಳು ಅಂಗೈಯಿಂದ ಬಾಯಿ ಮರೆಮಾಡಿಕೊಂಡೇ ಎದ್ದು ನಿಂತು, "ಸಾರ್, ನಮ್ಮೂರ ಬೋರ್ ನೀರಲ್ಲಿರೋ ಫ್ಲೋರಿನ್ನು ನಮ್ಮ ಹಲ್ಲಿಂದ ಎಲೆಕ್ಟ್ರಾನ್ ಕಿತ್ಕೊಳ್ತಿದೆಯಾ?" ಎಂದು ಕೇಳಿದಳು. ಪಾಠವನ್ನು ನಿಜವಾಗಿ ಕೇಳಿಸಿಕೊಂಡಿದ್ದವಳು ಅವಳೊಬ್ಬಳೇ. ಕಪ್ಪುಹಲಗೆಯನ್ನು ಒರೆಸಿ ಮತ್ತೆ ಬರೆದೆ. ಕಲ್ಲಿನ ಪದರಗಳಿಂದ ಕರಗಿ ಕೊಳವೆಬಾವಿಗೆ ಬರುವುದು ಫ್ಲೋರಿನ್ ಅಲ್ಲ, ಫ್ಲೋರೈಡ್; ಅಂದರೆ, ಬೇಕಾದ ಒಂದು ಎಲೆಕ್ಟ್ರಾನನ್ನು ಎಂದೋ ಪಡೆದು, 9 ಪ್ರೋಟಾನ್‌ಗಳಿಗೆ 10 ಎಲೆಕ್ಟ್ರಾನ್‌ಗಳನ್ನು ಇಟ್ಟುಕೊಂಡು ಋಣ ಆವೇಶ ಹೊತ್ತಿರುವ ಅಯಾನು. ಅದು ಹಲ್ಲಿನಿಂದ ಎಲೆಕ್ಟ್ರಾನನ್ನು ಕೀಳುವುದಿಲ್ಲ. ಆದರೆ ಮೂಳೆ, ಹಲ್ಲುಗಳಲ್ಲಿ ಎರಡು ಎಲೆಕ್ಟ್ರಾನ್ ಕಳೆದುಕೊಂಡು ಧನ ಆವೇಶ ಪಡೆದ ಕ್ಯಾಲ್ಸಿಯಂ ಇದೆ. ಸೆಳೆತ ಅಲ್ಲಿಯೂ ಅದೇ. ಫ್ಲೋರೈಡ್ ಹೋಗಿ ಅಲ್ಲಿ ಸೇರಿಕೊಳ್ಳುತ್ತದೆ. "ಕುದಿಸಿದರೆ ಹೋಗಲ್ವಾ ಸಾರ್?" ಎಂದಳು. ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಾಢವಾಗುತ್ತದೆ. ತಾಯಂದಿರು ಇದನ್ನು ದಯವಿಟ್ಟು ಗಮನಿಸಬೇಕು: ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಷ್ಟು ಕುದಿಸಿದರೂ ಅದು ಮಕ್ಕಳಿಗೆ ತಕ್ಕುದಲ್ಲ.

ಆ ಹುಡುಗಿಯ ಪ್ರಶ್ನೆಯಲ್ಲೇ ಸಮಯ ಕಳೆಯಿತು. ಫ್ಲೋರಿನ್‌ನ ಗುಂಪಿನದೇ ಆದ ಕ್ಲೋರಿನ್‌ಗೆ ಎರಡೇ ಮಾತು ಉಳಿದಿವೆ. ಅದರಲ್ಲಿ 17 ಪ್ರೋಟಾನ್‌ಗಳಿದ್ದರೂ ಹೊರಗಿನ 7 ಎಲೆಕ್ಟ್ರಾನ್‌ಗಳು ಮೂರನೆಯ ಕವಚದಲ್ಲಿವೆ. ದೂರ ಹೆಚ್ಚಿದ್ದರಿಂದ ಬಂಧದಲ್ಲಿ ಅದರ ಎಳೆತ ಫ್ಲೋರಿನ್‌ನಷ್ಟಿಲ್ಲ. ಆದರೂ ಸೋಡಿಯಂನಿಂದ ಒಂದು ಎಲೆಕ್ಟ್ರಾನ್ ಪಡೆದು ನಮ್ಮ ಅಡುಗೆಯ ಉಪ್ಪಾಗಲು ಅಷ್ಟು ಸಾಕು. ಸೋಡಿಯಂ ಅದನ್ನು ಅಷ್ಟು ಸುಲಭವಾಗಿ ಏಕೆ ಬಿಟ್ಟುಕೊಡುತ್ತದೆ ಎಂದು ಕೇಳುವ ಮಕ್ಕಳು, ಆ ಒಂಟಿ ಎಲೆಕ್ಟ್ರಾನ್ ಕೇಂದ್ರದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಈ ರಾತ್ರಿಯೇ ಚಿತ್ರ ಬರೆದು ನೋಡಲಿ. ನಮಸ್ಕಾರ.