ಕಣ್ಣೊಳಗಿನ ರಕ್ತನಾಳದ ಗಂಟು, ಅದಕ್ಕೆ ಬೆಳಕಿನ ಮದ್ದು

ಕೇಳುಗರಿಗೆ ನಮಸ್ಕಾರ.

ಗ್ರಹಣದ ದಿನ ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬೇಡಿ ಅಂತ ಮನೆಯ ಹಿರಿಯರೂ ಹೇಳ್ತಾರೆ, ಕಣ್ಣಿನ ಡಾಕ್ಟರೂ ಹೇಳ್ತಾರೆ. ಕಾರಣಗಳು ಬೇರೆ ಇರಬಹುದು, ಮಾತು ಸರಿಯಾದದ್ದೇ. 1945ರ ಜುಲೈ ತಿಂಗಳ ಗ್ರಹಣವನ್ನು ಹಾಗೆ ನೋಡಿದ ಜರ್ಮನಿಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ಸುಟ್ಟುಕೊಂಡ. ಆ ಕಲೆಯನ್ನು ಕಂಡ ಗೆರ್ಡ್ ಮೇಯರ್-ಶ್ವಿಕೆರಾಥ್ ಎಂಬ ಯುವ ನೇತ್ರವೈದ್ಯರಿಗೆ ಬೇರೆಯೇ ಯೋಚನೆ ಹತ್ತಿತು. ಕಣ್ಣನ್ನು ಕೊಯ್ಯದೆ ಬೆಳಕು ಒಳಗೆ ಹೋಗಿ ಸುಡುತ್ತದೆ ಅಂದಮೇಲೆ, ನಮಗೆ ಬೇಕಾದ ಕಡೆ ಸುಡಿಸಬಾರದೇಕೆ? ಹ್ಯಾಂಬರ್ಗ್‌ನ ಆಸ್ಪತ್ರೆಯ ತಾರಸಿಯ ಮೇಲೆ ಕನ್ನಡಿಗಳನ್ನು ಹೂಡಿ, ಬಿಸಿಲನ್ನೇ ಹಿಡಿದು ರೋಗಿಯ ಕಣ್ಣೊಳಗೆ ಹಾಯಿಸಿದರು. ಮೋಡ ಕವಿದರೆ ಅವತ್ತಿನ ಚಿಕಿತ್ಸೆಗೆ ರಜೆ. ಮುಂದೆ ಝೈಸ್ ಕಂಪನಿಯೊಂದಿಗೆ ಸೇರಿ ಝೆನಾನ್ ದೀಪದ ಯಂತ್ರ ಮಾಡಿಸಿದರು. 1960ರಲ್ಲಿ ಲೇಸರ್ ಬಂತು.

ಸಕ್ಕರೆ ಕಾಯಿಲೆಯವರಿಗೆ ಕಣ್ಣಿಗೆ ಲೇಸರ್ ಹಾಕಿಸುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಅದೇ ಬೆಳಕು ಕೆಲಸಕ್ಕೆ ಬರುವ ಇನ್ನೊಂದು ಅಪರೂಪದ ರೋಗದ ಬಗ್ಗೆ ಇವತ್ತು ಹೇಳಬೇಕು. ರೆಟಿನಾದ ಮೇಲೆ ಸಣ್ಣ ರಕ್ತನಾಳಗಳು ಗೋಜಲುಗಟ್ಟಿ ಕೆಂಪು ಗಂಟಾಗಿ ಬೆಳೆಯುತ್ತವೆ. ಇದಕ್ಕೆ ಹೆಮಾಂಜಿಯೋಬ್ಲಾಸ್ಟೋಮಾ ಎಂದು ಹೆಸರು. ಇದು ಕ್ಯಾನ್ಸರ್ ಅಲ್ಲ, ಮೈಯಲ್ಲಿ ಹರಡುವುದಿಲ್ಲ. ಹಾಗಂತ ಸುಮ್ಮನೆ ಬಿಡುವಂಥದ್ದೂ ಅಲ್ಲ. ಗಂಟಿನಿಂದ ನೀರು, ಕೊಬ್ಬಿನಂಶ ಸೋರುತ್ತದೆ. ಗಂಟು ಎಲ್ಲೋ ಅಂಚಿನಲ್ಲಿದ್ದರೂ ಸೋರಿದ್ದು ನಾವು ಓದುವ, ಮುಖ ಗುರುತಿಸುವ ನಡುಭಾಗದಲ್ಲಿ ಬಂದು ಕೂರುತ್ತದೆ. ಇನ್ನೂ ಮುಂದುವರಿದರೆ ರೆಟಿನಾ ಜಾಗ ಬಿಟ್ಟು ಕಳಚಿಕೊಳ್ಳುತ್ತದೆ.

ಗಂಟು ಸಣ್ಣದಿರುವಾಗ ನೋವಿಲ್ಲ, ಉರಿಯಿಲ್ಲ, ಮಬ್ಬೂ ಇಲ್ಲ. ದೃಷ್ಟಿ ಮಂಜಾಯಿತೆಂದು ಓಡಿ ಬರುವ ಹೊತ್ತಿಗೆ ಅದು ದೊಡ್ಡದಾಗಿರುತ್ತದೆ. ಬೆಳಕಿನ ಚಿಕಿತ್ಸೆ ಚೆನ್ನಾಗಿ ನಡೆಯುವುದು ಸಣ್ಣದರ ಮೇಲೆ! ಈ ರೋಗದ ಕಷ್ಟವೆಲ್ಲ ಇಲ್ಲೇ ಇದೆ.

ಒಂದೂವರೆ ಮಿಲಿಮೀಟರ್ ಒಳಗಿನ ಗಂಟಾದರೆ ಲೇಸರ್ ಸಾಕು. ಡ್ರಾಪ್ಸ್ ಹಾಕಿ ಪಾಪೆ ಅಗಲಿಸುತ್ತಾರೆ, ಇನ್ನೊಂದು ಡ್ರಾಪ್ಸ್‌ನಿಂದ ಕಣ್ಣಿನ ಮೇಲ್ಭಾಗ ಮರಗಟ್ಟುತ್ತದೆ. ಯಂತ್ರದ ಮುಂದೆ ಗದ್ದ ಊರಿ ಕುಳಿತರಾಯಿತು. ಹಸಿರು ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಚೆನ್ನಾಗಿ ಹೀರುತ್ತದೆ, ಕಾಯುತ್ತದೆ, ಗಂಟಿನ ನಾಳಗಳು ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತವೆ. ಗಂಟಿಗೆ ರಕ್ತ ತರುವ ಒಂದು ನಾಳ, ಒಯ್ಯುವ ಒಂದು ನಾಳ ಎರೆಹುಳುವಿನಂತೆ ಉಬ್ಬಿ ಸುತ್ತಿಕೊಂಡಿರುತ್ತವೆ. ಚಿಕಿತ್ಸೆ ಫಲಿಸಿದರೆ ಅವು ಮೆಲ್ಲಗೆ ಸೊರಗುತ್ತವೆ, ನೋಡುವ ವೈದ್ಯರಿಗೂ ಸಮಾಧಾನ. ಒಂದೇ ಸಲಕ್ಕೆ ಮುಗಿಯದೆ ಕೆಲವು ವಾರ ಬಿಟ್ಟು ಮತ್ತೆ ಹಾಕಿಸಬೇಕಾಗಬಹುದು. ದೊಡ್ಡ ಗಂಟಿಗೆ ಜೋರಾಗಿ ಲೇಸರ್ ಕೊಟ್ಟರೆ ರಕ್ತ ಸೋರೀತು, ನೀರು ಕೆಲಕಾಲ ಇನ್ನೂ ಹೆಚ್ಚೀತು. ಅಂಥಲ್ಲಿ ಹೊರಗಿನಿಂದ ಹೆಪ್ಪುಗಟ್ಟಿಸುವ ಶೀತ ಚಿಕಿತ್ಸೆ, ಕೆಲವೊಮ್ಮೆ ಶಸ್ತ್ರಚಿಕಿತ್ಸೆ.

ಗಂಟು ಕಣ್ಣಿನ ನರದ ಮೇಲೆಯೇ ಕುಳಿತಿದ್ದರೆ ಸುಡುವುದೇ ಅಪಾಯ. ಗಂಟಿನ ಜೊತೆ ನರದ ಎಳೆಗಳೂ ಹೋದಾವು. ಅಲ್ಲಿ ಬೇರೆ ಬಗೆಯ ಬೆಳಕಿನ ಚಿಕಿತ್ಸೆಯನ್ನು ಯೋಚಿಸುತ್ತಾರೆ, ಹೆಸರು ಫೋಟೋಡೈನಮಿಕ್ ಥೆರಪಿ. ವರ್ಟೆಪೋರ್ಫಿನ್ ಎಂಬ ಔಷಧಿಯನ್ನು ಕೈಯ ರಕ್ತನಾಳಕ್ಕೆ ಹನಿಹನಿಯಾಗಿ ಹತ್ತು ನಿಮಿಷ ಬಿಡುತ್ತಾರೆ. ಆಮೇಲೆ 689 ನ್ಯಾನೋಮೀಟರ್‌ನ ಕೆಂಪು ಬೆಳಕನ್ನು ಸಾಮಾನ್ಯವಾಗಿ 83 ಸೆಕೆಂಡು ಗಂಟಿನ ಮೇಲೆ ಬೀರುತ್ತಾರೆ. ಇಲ್ಲಿ ಬೆಳಕು ಸುಡುವುದಿಲ್ಲ, ಔಷಧಿಯನ್ನು ಕೆರಳಿಸುತ್ತದೆ. ಕೆರಳಿದ ಔಷಧಿ ನಾಳದ ಒಳಗೋಡೆಯನ್ನು ಕೆಡಿಸಿ ಅಲ್ಲೇ ರಕ್ತ ಹೆಪ್ಪುಗಟ್ಟಿಸುತ್ತದೆ. ರೆಟಿನಾದ ಹಿಂದಿನ ಪದರದಲ್ಲಿ ಬರುವ ಕೋರಾಯ್ಡ್ ಹೆಮಾಂಜಿಯೋಮಾ ಎಂಬ ಬೇರೆ ಬಗೆಯ ರಕ್ತನಾಳದ ಗಂಟಿಗೆ ಇದು ಬಹಳ ಒಳ್ಳೆಯ ಚಿಕಿತ್ಸೆ. ನರದ ಮೇಲಿನ ಗಂಟಿನಲ್ಲಿ ಅಷ್ಟು ಭರವಸೆ ಕೊಡಲಾರೆ. ನೀರು ಇಳಿಯಬಹುದು, ದೃಷ್ಟಿ ಮರಳಿಯೇ ಮರಳುತ್ತದೆ ಎನ್ನಲಾಗದು. ಔಷಧಿ ಕೆಲವು ದಿನ ಮೈಯಲ್ಲಿರುತ್ತದೆ. ಐದು ದಿನ ಬಿಸಿಲಿಗೆ ಚರ್ಮವಾಗಲಿ ಕಣ್ಣಾಗಲಿ ಒಡ್ಡಬಾರದು. ರಾಯಚೂರು, ಕಲಬುರಗಿ ಕಡೆಯವರು ಆಸ್ಪತ್ರೆಗೆ ಬರುವಾಗಲೇ ತುಂಬುತೋಳಿನ ಅಂಗಿ, ಟೋಪಿ, ಕಪ್ಪು ಕನ್ನಡಕ ತಂದುಕೊಳ್ಳಿ.

ಇನ್ನು ಮನೆಯವರ ವಿಚಾರ, ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದೇ ಇದು. ಇಂಥ ಗಂಟನ್ನು ಜರ್ಮನಿಯ ನೇತ್ರವೈದ್ಯ ಓಯ್ಗೆನ್ ಫಾನ್ ಹಿಪ್ಪೆಲ್ 1904ರಲ್ಲಿ ವರ್ಣಿಸಿದರು. 1926ರಲ್ಲಿ ಸ್ವೀಡನ್ನಿನ ಆರ್ವಿಡ್ ಲಿಂಡೌ ಕಣ್ಣಿನ ಗಂಟಿಗೂ ಕಿರುಮೆದುಳಿನ ಗಂಟಿಗೂ ನಂಟಿದೆಯೆಂದು ತೋರಿಸಿದರು. ಮೂತ್ರಪಿಂಡದ ಕ್ಯಾನ್ಸರ್ ಕೂಡ ಇದರ ಜೊತೆ ಬರಬಹುದು. ಇಬ್ಬರ ಹೆಸರಿನಲ್ಲೇ ಈ ಕಾಯಿಲೆಯನ್ನು ಫಾನ್ ಹಿಪ್ಪೆಲ್-ಲಿಂಡೌ, ಚಿಕ್ಕದಾಗಿ ವಿಎಚ್‌ಎಲ್ ಎನ್ನುತ್ತಾರೆ. ದೋಷವಿರುವ ಜೀನ್ 1993ರಲ್ಲಿ ಸಿಕ್ಕಿತು. ಆಮ್ಲಜನಕ ಸಾಲದಾದಾಗ ಹೊಸ ರಕ್ತನಾಳ ಬೆಳೆಸುವ ಏರ್ಪಾಡು ನಮ್ಮ ಜೀವಕೋಶಗಳಲ್ಲಿದೆ. ಆಮ್ಲಜನಕ ಸಾಕಷ್ಟಿದ್ದಾಗ ಅದನ್ನು ಹಿಡಿದು ನಿಲ್ಲಿಸುವುದು ಈ ಜೀನ್. ಅದು ಕೆಟ್ಟರೆ ಬೆಳವಣಿಗೆಗೆ ತಡೆಯೇ ಇಲ್ಲ. ಈ ಗುಟ್ಟನ್ನು ಬಿಡಿಸಿದವರಲ್ಲಿ ವಿಲಿಯಂ ಕೇಲಿನ್ ಒಬ್ಬರು, 2019ರ ನೊಬೆಲ್ ಹಂಚಿಕೊಂಡರು. ಅದೇ ಅರಿವಿನಿಂದ ಬಂದ ಬೆಲ್ಜುಟಿಫಾನ್ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಗರ್ಭಿಣಿಯರಿಗೆ ಸಲ್ಲದು.

ತಂದೆಗೋ ತಾಯಿಗೋ ಈ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ ಐವತ್ತು. ಆದ್ದರಿಂದ ಒಬ್ಬರಲ್ಲಿ ಗಂಟು ಕಂಡರೆ ಅವರ ಮಕ್ಕಳು, ಒಡಹುಟ್ಟಿದವರು ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ರೆಟಿನಾ ತೋರಿಸಿಕೊಳ್ಳಬೇಕು, ಪುಟ್ಟ ಮಕ್ಕಳೂ ಸೇರಿ. ಬೋರ್ಡಿನ ಅಕ್ಷರವೆಲ್ಲ ಸರಿಯಾಗಿ ಓದುತ್ತಾನಲ್ಲ ಎಂದು ಬಿಟ್ಟುಬಿಡಬೇಡಿ. ಸಂಬಂಧ ನೋಡುವಾಗ ತೊಂದರೆಯಾದೀತೆಂದು ಮುಚ್ಚಿಡುವವರೂ ಇದ್ದಾರೆ. ಅಂಥವರು ಡಾಕ್ಟರ ಹತ್ತಿರವಾದರೂ ಬಾಯಿಬಿಡಿ. ಮನೆಯಲ್ಲಿ ಯಾವ ಜೀನ್ ದೋಷವಿದೆಯೆಂದು ಗೊತ್ತಾದರೆ ಉಳಿದವರಿಗೆ ರಕ್ತಪರೀಕ್ಷೆ ಮಾಡಬಹುದು. ಆ ದೋಷ ಇಲ್ಲವೆಂದು ಖಚಿತವಾದ ಮಗುವಿಗೆ ಈ ವಾರ್ಷಿಕ ತಪಾಸಣೆ ಬೇಕಿಲ್ಲ.

ನಮಸ್ಕಾರ.