ಎರಡೇ ಎರಡು ಗುಳಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಮುಂಬಯಿಯ ಮಾಟುಂಗದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಮೂವತ್ತು ವರ್ಷದಿಂದ ಕೌಂಟರ್ ಹಿಂದೆ ನಿಂತಿದ್ದೇನೆ. ಅಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು, "ಅಣ್ಣಾ, ಎರಡೇ ಎರಡು ಗುಳಿಗೆ ಕೊಡಿ."

ಒಂದು ಜುಲೈ ತಿಂಗಳು. ಕಿಂಗ್ಸ್ ಸರ್ಕಲ್‌ನಲ್ಲಿ ಮೊಣಕಾಲುದ್ದ ನೀರು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹುಡುಗನೊಬ್ಬ, ಕುಂದಾಪುರದ ಕಡೆಯವನು, ತಲೆಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಬಂದ. ಮೂರು ದಿನದ ಜ್ವರ. "ರೂಮಿನವನಿಗೂ ಹೀಗೇ ಆಗಿತ್ತಣ್ಣಾ. ಅಮಾಕ್ಸಿಸಿಲಿನ್ ತಿಂದ, ಎರಡೇ ದಿನಕ್ಕೆ ಕೆಲಸಕ್ಕೆ ಬಂದ. ನನಗೂ ಅದೇ ಕೊಡಿ" ಅಂದ. ಅಮಾಕ್ಸಿಸಿಲಿನ್ ಅಂದರೆ ಪೆನಿಸಿಲಿನ್ ಜಾತಿಯ ಒಂದು ಆಂಟಿಬಯಾಟಿಕ್.

ನಾನು ಅವನ ಕಾಲು ನೋಡಿದೆ. ಬೆರಳ ಸಂದಿಯೆಲ್ಲ ನೀರಲ್ಲಿ ನೆನೆದು ಬೆಳ್ಳಗಾಗಿ ಬಿರುಕು ಬಿಟ್ಟಿತ್ತು. ಕಣ್ಣು ಕೆಂಪಾಗಿತ್ತು. ಎಲ್ಲಿ ನೋವು ಅಂತ ಕೇಳಿದರೆ ಬಗ್ಗಿ ಎರಡೂ ಕಾಲಿನ ಮೀನಖಂಡ ಹಿಡಿದು ತೋರಿಸಿದ. "ನಿಂಗೆ ನಾನು ಗುಳಿಗೆ ಕೊಡೋದಿಲ್ಲ ಮಾರಾಯಾ, ಮೊದಲು ಆಸ್ಪತ್ರೆಗೆ ಹೋಗು" ಅಂದೆ. ಅವನಿಗೆ ಸಿಟ್ಟು ಬಂತು. ರಜೆ ಹಾಕಿದರೆ ಆ ದಿನದ ಪಗಾರ ಹೋಗುತ್ತದೆ, ಅಲ್ವಾ? ಕೊನೆಗೆ ನಮ್ಮ ಅಂಗಡಿಯ ಹುಡುಗನನ್ನೇ ಜೊತೆಗೆ ಕಳಿಸಿದೆ. ರಕ್ತ ಪರೀಕ್ಷೆಯಲ್ಲಿ ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿ ಜ್ವರ, ಅಂತ ಬಂತು.

ಇಲಿ, ನಾಯಿ, ದನಗಳ ಮೂತ್ರ ನಿಂತ ನೀರಿಗೆ ಸೇರುತ್ತದೆ. ಕಾಲಿನ ಬಿರುಕಿನಿಂದ ರೋಗ ಒಳಗೆ ಹೋಗುತ್ತದೆ. 2005ರ ಜುಲೈ 26 ಮುಂಬಯಿಯಲ್ಲಿದ್ದವರಿಗೆ ಮರೆಯುವಂಥದ್ದಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನೀರು ಇಳಿದ ಮೇಲೆ ಊರಲ್ಲಿ ಹಬ್ಬಿದ್ದು ಇದೇ ಲೆಪ್ಟೋ. ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಇದಕ್ಕೆ ಆಂಟಿಬಯಾಟಿಕ್ ಬೇಕೇ ಬೇಕು, ಅದೂ ಬೇಗ ಬೇಕು. ತಡವಾದರೆ ಕಿಡ್ನಿ, ಲಿವರ್ ಕೈಕೊಡಬಹುದು. ಆ ಹುಡುಗ ಬೇಗ ಹೋದ, ಉಳಿದ.

ಹಾಗಾದರೆ ಅವನ ರೂಮಿನವನಿಗೆ ಏನಾಗಿತ್ತು? ಬಹುಶಃ ವೈರಸ್ ಜ್ವರ. ಅದು ಕೆಲವು ದಿನ ಇದ್ದು ತಾನಾಗಿಯೇ ಹೋಗುತ್ತದೆ. ಹೆಸರು ಮಾತ್ರ ಗುಳಿಗೆಗೆ ಬಂತು.

ಇಲ್ಲೇ ನಾವು ಎಡವುವುದು. ಆಂಟಿಬಯಾಟಿಕ್ ಜ್ವರದ ಔಷಧಿ ಅಲ್ಲ, ಬ್ಯಾಕ್ಟೀರಿಯಾದ ಔಷಧಿ. ಬ್ಯಾಕ್ಟೀರಿಯಾಕ್ಕೆ ಸುತ್ತ ಒಂದು ಗೋಡೆ ಇರುತ್ತದೆ. ಪೆನಿಸಿಲಿನ್ ಜಾತಿಯ ಔಷಧಿಗಳು ಆ ಗೋಡೆ ಕಟ್ಟಲು ಬಿಡುವುದಿಲ್ಲ. ವೈರಸ್ಸಿಗೆ ಆ ಗೋಡೆಯೇ ಇಲ್ಲ. ನೆಗಡಿ, ಫ್ಲೂ, ಡೆಂಗಿ ಇವೆಲ್ಲ ವೈರಸ್. ಇವಕ್ಕೆ ಅಮಾಕ್ಸಿಸಿಲಿನ್ ನುಂಗಿದರೆ ಸಾಯುವುದು ನಮ್ಮ ಹೊಟ್ಟೆಯೊಳಗಿನ ಬಡಪಾಯಿ ಬ್ಯಾಕ್ಟೀರಿಯಾ. ಗಟ್ಟಿ ಇದ್ದವು ಉಳಿದು ಬೆಳೆಯುತ್ತವೆ. ತಾವು ಉಳಿದ ಗುಟ್ಟನ್ನು ಪಕ್ಕದವಕ್ಕೂ ಹಂಚುತ್ತವೆ. ಮುಂದೊಂದು ದಿನ ಮೂತ್ರದ ಸೋಂಕಾದಾಗ ಅದೇ ಗುಳಿಗೆ ಹಿಡಿಯುವುದಿಲ್ಲ. ಆಮೇಲೆ ಇಂಜೆಕ್ಷನ್, ಅಡ್ಮಿಟ್, ಸಾಲ.

ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಮೊದಮೊದಲು ನಾನೂ ಕತ್ತರಿ ತಗೊಂಡು ಸ್ಟ್ರಿಪ್ ಕತ್ತರಿಸಿ ಕೊಡುತ್ತಿದ್ದೆ. ಎರಡು ಇವರಿಗೆ, ಮೂರು ಅವರಿಗೆ. ಕತ್ತರಿಸಿದ ತುಂಡಿನ ಮೇಲೆ ಔಷಧಿಯ ಹೆಸರೂ ಇರುತ್ತಿರಲಿಲ್ಲ, ತಾರೀಕೂ ಇರುತ್ತಿರಲಿಲ್ಲ. ಬಡವರಿಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಇದರ ಎಚ್ಚರಿಕೆ ಹೊಸದೇನಲ್ಲ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗಲೇ ಹೇಳಿದ್ದರು: ಜನ ಸಾಲದಷ್ಟು ಔಷಧಿ ತಗೊಂಡರೆ ರೋಗಾಣು ಸಾಯದೆ ಗಟ್ಟಿಯಾಗುತ್ತವೆ ಅಂತ. ನಮ್ಮ ಪುಣೆಯ ಪಕ್ಕದ ಪಿಂಪ್ರಿಯಲ್ಲಿ ಸರಕಾರ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಅಂತ ಔಷಧಿ ಕಂಪನಿ ಶುರು ಮಾಡಿತು. ಪೆನಿಸಿಲಿನ್ ನಮ್ಮ ಬಡವರ ಕೈಗೂ ಸಿಗಲಿ ಅಂತ. ಅಷ್ಟು ಕಷ್ಟಪಟ್ಟು ತಂದ ಔಷಧಿಯನ್ನು ನಾವು ನೆಗಡಿಗೆ ನುಂಗಿ ಹಾಳು ಮಾಡಬಾರದು.

ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದೆಯಾ ನೋಡಿ. ಇದ್ದರೆ ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬೇಡಿ. ಕೆಲವು ಆಂಟಿಬಯಾಟಿಕ್‌ಗಳಿಗೆ 2014ರಿಂದ ನಾವು ಬೇರೆಯೇ ರಿಜಿಸ್ಟರ್ ಇಡಬೇಕು. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು, ಎಲ್ಲ ಬರೆದು ಮೂರು ವರ್ಷ ಕಾಪಾಡಬೇಕು. ಹಾಗಾಗಿ ಅಂಗಡಿಯವನು ಹೆಸರು ಕೇಳಿದರೆ ಬೇಜಾರು ಮಾಡ್ಕೋಬೇಡಿ.

ಡಾಕ್ಟರ್ ಐದು ದಿನ ಅಂದರೆ ಐದು ದಿನ. ಎರಡನೇ ದಿನಕ್ಕೆ ಹುಷಾರಾಯಿತು ಅನಿಸಿದರೆ, ನಿಲ್ಲಿಸಲಾ ಅಂತ ಡಾಕ್ಟರನ್ನೇ ಕೇಳಿ, ನೀವೇ ನಿರ್ಧಾರ ಮಾಡಬೇಡಿ. ಉಳಿದ ಗುಳಿಗೆಯನ್ನು ಸುಮ್ನೆ ಡಬ್ಬಿಯಲ್ಲಿಟ್ಟು ಪಕ್ಕದ ಮನೆಯವರಿಗೆ ಕೊಡಲೂಬೇಡಿ. ಡಾಕ್ಟರ್ ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ ಬರೆದರೆ, ಇವರಿಗೇನೂ ಗೊತ್ತಿಲ್ಲ ಅಂದುಕೊಳ್ಳಬೇಡಿ. ಗೊತ್ತಿದ್ದೇ ಬರೆದಿರುತ್ತಾರೆ.

ಹೋಟೆಲ್, ಕ್ಯಾಂಟೀನ್ ನಡೆಸುವ ನಮ್ಮವರು ತುಂಬ ಜನ ಇದನ್ನು ಕೇಳುತ್ತಿದ್ದೀರಿ. ನಿಮ್ಮ ಹುಡುಗರು ಮಳೆ ನೀರಲ್ಲಿ ನಡೆದು ಬಂದಿದ್ದರೆ, ಅದರಲ್ಲೂ ಕಾಲಲ್ಲಿ ಗಾಯ ಇದ್ದರೆ, ಜ್ವರ ಬರಲಿ ಅಂತ ಕಾಯಬೇಡಿ. ಮೂರು ದಿನದೊಳಗೆ ಹತ್ತಿರದ ದವಾಖಾನೆಗೆ ಕಳಿಸಿ. ಲೆಪ್ಟೋ ಬಾರದಂತೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಬೇಕೋ ಬೇಡವೋ ಅಂತ ಅಲ್ಲಿಯ ಡಾಕ್ಟರ್ ಹೇಳುತ್ತಾರೆ. ಆ ಅರ್ಧ ದಿನದ ಪಗಾರ ಮಾತ್ರ ದಯವಿಟ್ಟು ಹಿಡಿಯಬೇಡಿ.

ನಮಸ್ಕಾರ.