ಅಳಲೆಕಾಯಿ ಮಸಿ: ಬೋರಿನ ನೀರು ಮಾತ್ರ ಬ್ಯಾಡ್ರಿ

ನಮಸ್ಕಾರ್ರಿ ಎಲ್ಲಾರಿಗೂ. ಕೊಪ್ಪಳದಾಗ ಬಿಸಿಲು ಚುರುಗುಟ್ಟಾಕತ್ತೈತಿ. ಇವತ್ತಿನ ಕೆಲಸಕ್ಕ ಅದು ಚಲೋನ ಆತು, ಹಾಳಿ ಲಗೂ ಒಣಗತಾವ. ಬರ್ಯಾಕ, ಚಿತ್ರ ಬಿಡಸಾಕ ಮನ್ಯಾಗ ಬಣ್ಣ ಮಾಡೂಣು: ಮೊದಲು ಅಳಲೆಕಾಯಿ ಕರೀ ಮಸಿ, ಹೊತ್ತು ಉಳಿದ್ರ ಕೆಂಪು ಮಣ್ಣು.

ಅಳಲೆಕಾಯಿ ಕುಟ್ಟೂದು ನಿಮಗ ಕಾಣಾಕತ್ತೈತಿ, ಅದರ ಬಗ್ಗೆ ಹೇಳೂದೇನಿಲ್ಲ. ಅಳಲೆಕಾಯಿ ಒಳಗಿನ ಬೀಜ ತಗದು ಒಗೀರಿ, ಒಗರು ಇರೂದು ಸಿಪ್ಪಿಯೊಳಗ. 100 ಗ್ರಾಂ ಸಿಪ್ಪಿಗೆ 600 ಎಂ.ಎಲ್. ನೀರು. ರಾತ್ರಿಯೆಲ್ಲಾ ನೆನೀಲಿ, ಮುಂಜಾನೆ ಸಣ್ಣ ಉರಿ ಮ್ಯಾಲೆ 250ಕ್ಕ ಇಳಿಯೂತನಕ ಕುದೀಲಿ. ಪಾತ್ರಿ ಸ್ಟೀಲಿಂದ ಇರಬೇಕು. ಕಬ್ಬಿಣದ ಬಾಣಲಿ ಇಟ್ರ ಕುದಿಯೂಮುಂದನ ಕರ್ರಗಾಗಿಬಿಡತೈತಿ, ಆಮ್ಯಾಲೆ ಎಷ್ಟು ಕಬ್ಬಿಣ ಕರಗೈತಿ ಅನ್ನೂ ಲೆಕ್ಕ ಸಿಗೂದಿಲ್ಲ.

ಸೋಸೂದು ಹಳೇ ಪಂಜಿ ತುಂಡಿನ್ಯಾಗ, ಎರಡು ಮಡಿಕಿ ಮಾಡಿ. ಆತು.

ಈಗ ಅನ್ನಭೇದಿ, ಅಂದ್ರ ಕಬ್ಬಿಣದ ಹಸರು ಉಪ್ಪು. ಇದರ ಕಬ್ಬಿಣ ಕಷಾಯದ ಒಗರಿಗೆ ಕೂಡಿದ್ರನ ಮಸಿ ಕಪ್ಪಾಗೂದು. ಇಲ್ಲಿ ಸ್ವಲ್ಪ ನಿಂದ್ರೂಣು, ಯಾಕಂದ್ರ ಮಸಿ ಕೆಡೂದೆಲ್ಲಾ ಇಲ್ಲೇ. ಎರಡು ಗ್ಲಾಸು ಇಟ್ಟೀನಿ ನೋಡ್ರಿ. ಎಡಕ್ಕ ಬೋರಿನ ನೀರು, ಬಲಕ್ಕ ಫಿಲ್ಟರ್ ಕ್ಯಾನಿನ ನೀರು. ಎರಡಕ್ಕೂ ಒಂದೊಂದು ಚಮಚ ಅನ್ನಭೇದಿ ಹಾಕಿದ್ದು. ಬಲಗಡೆದು ತಿಳಿ ಹಸರು, ಆಚೆ ಕಡೆ ಇಟ್ಟ ಬೆರಳು ಕಾಣತೈತಿ. ಎಡಗಡೆದು? ಮೊದಲು ಮೋಡ ಕವಿದಂಗ ಆತು, ಈಗ ತುಕ್ಕಿನ ಬಣ್ಣ ಬಂದು ತಳಕ್ಕ ಗಸಿ ಕುಂದರಾಕತ್ತೈತಿ. ನಮ್ಮ ಕಡೆ ಬೋರಿನ ನೀರು ಗಡಸು. ಬಕೆಟ್ಟಿಗೆ ಬಿಳೀ ಪದರ ಕಟ್ಟೂದು ನೋಡೀರಲ್ಲ, ಆ ಕ್ಷಾರಾನ ಕಬ್ಬಿಣಾನ ಹಿಡದು ಕೆಳಗ ಇಳಸತೈತಿ. ಗಾಳಿ ಕೂಡಿದ್ರ ಮುಗೀತು, ಸೀದಾ ತುಕ್ಕು. ಇದನ್ನ ಕಷಾಯಕ್ಕ ಹಾಕಿದ್ರ ಬಾಟ್ಲಿಯೊಳಗನ ಕರೀ ಹಳಕು ಕಟ್ಟತಾವ. ನೋಡಾಕ ಮಸ್ತ್ ಕಪ್ಪು, ಹಾಳಿ ಮ್ಯಾಲೆ ಒಣಗಿದಮ್ಯಾಲೆ ಬೆರಳು ಹಚ್ಚಿದ್ರ ಪುಡಿ ಉದುರತೈತಿ. ಮಸಿ ಬಾಟ್ಲಿಯೊಳಗ ಕರ್ರಗಾಗಬಾರದ್ರಿ. ತೆಳ್ಳಗ ಹಾಳಿಯೊಳಗ ಇಳದು, ಅಲ್ಲಿ ಗಾಳಿ ಕುಡದು ಕರ್ರಗಾಗಬೇಕು. ಆವಾಗ ತೊಳದ್ರೂ ಹೋಗಂಗಿಲ್ಲ.

ಅನ್ನಭೇದಿನೂ ನೋಡಿ ತರ್ರಿ. ಹಸರು ಹರಳು ಇರಬೇಕು. ಗಿಡಮೂಲಿಕಿ ಅಂಗಡ್ಯಾಗ ವರ್ಷಗಟ್ಟಲೆ ಬಿದ್ದದ್ದು ಹಳದಿ ಪುಡಿಯಾಗಿರತೈತಿ, ಅದು ಆಗಲೇ ಅರ್ಧ ತುಕ್ಕು. ಗೊಬ್ಬರದ ಅಂಗಡ್ಯಾಗ ಫೆರಸ್ ಸಲ್ಫೇಟ್ ಅಂತ ಕೇಳ್ರಿ, ಬೆಳಿ ಹಳದಿ ಆದಾಗ ರೈತರು ಹೊಡೀತಾರಲ್ಲ, ಅದ ಇದು. ಮಕ್ಕಳ ಕೈಗೆ ಮಾತ್ರ ಸಿಗಬಾರದು, ಹೊಟ್ಟಿಗೆ ಹೋದ್ರ ವಿಷ.

ಆ 250 ಎಂ.ಎಲ್. ಕಷಾಯಕ್ಕ ಅನ್ನಭೇದಿ ಪ್ರಮಾಣ 15 ಗ್ರಾಂ. ಕಪ್ಪು ಕಮ್ಮಿ ಅನಿಸಿ 30, 40 ಸುರಿಯವರು ಅದಾರ, ಬ್ಯಾಡ್ರಿ. ಒಗರಿಗೆ ಕೂಡದೆ ಉಳಿದ ಕಬ್ಬಿಣ ಹಾಳಿಯೊಳಗ ಕುಂತು ಅದನ್ನ ತಿಂತೈತಿ. ಗೀಟಿನ ಸುತ್ತ ಕಂದು ಕಲೆ, ಆಮ್ಯಾಲೆ ಗೀಟು ಇದ್ದಲ್ಲೇ ತೂತು.

ಇನ್ನ ಅಂಟು, 12 ಗ್ರಾಂ. ಕರಿಜಾಲಿ ಅಂಟು ಬಿಸಿನೀರಾಗ ಕರಗಿಸಿ ಹಾಕ್ರಿ. ಬಳ್ಳಾರಿ ಜಾಲಿದು ಕಂದು ಬಣ್ಣ, ಅದು ಬ್ಯಾಡ ಅನ್ನಾಕ ಹೊಂಟಿದ್ದೆ... ಅಲ್ರೀ, ಕರೀ ಮಸಿಯೊಳಗ ಆ ಕಂದು ಎಲ್ಲಿ ಕಾಣತೈತಿ? ಹಾಕ್ರಿ, ಹಾಕ್ರಿ. ಊರ ತುಂಬಾ ಅದ ಗಿಡ ಐತಿ. ಬೂಸರು ಬರಬಾರದು ಅಂದ್ರ ನಾಕು ಲವಂಗ ಒಳಗ ಬಿಡ್ರಿ. ಇದನ್ನ ಫೌಂಟನ್ ಪೆನ್ನಿಗೆ ತುಂಬಿಸಬ್ಯಾಡ್ರಿ, ಅಂಟು ನಿಬ್ಬಿನ ಕೆಳಗಿನ ನಾಲಿಗಿ ಕಟ್ಟತೈತಿ. ಬಿದರಕಡ್ಡಿ ಲೆಕ್ಕಣಿಕಿ ಸಾಕು.

ಈಗ ಹಾಳಿ ಮ್ಯಾಲೆ ಬಂಡೆಗಲ್ಲಿನ ಚಿತ್ರಕ್ಕ ಗೀಟು ಎಳ್ಯಾಕತ್ತೀನಿ. ಬೂದಿ ಬಣ್ಣ ಐತಿ, ಗಾಬರಿಯಾಗಬ್ಯಾಡ್ರಿ, ಹಂಗ ಬಿಡೂಣು.

ಅಷ್ಟ್ರೊಳಗ ಕೆಂಪು. ಇದು ಸಂಡೂರು ಕಡೆ ಮಣ್ಣು, ಕಬ್ಬಿಣದ ಅದಿರಿನ ಸೀಮೆ. ನೀರಾಗ ಕಲಸಿ ಒಂದು ನಿಮಿಷ ಬಿಟ್ರ ಉಸುಕು ಕೆಳಗ ಕುಂದರತೈತಿ, ಮ್ಯಾಲಿನ ಕೆಂಪು ನೀರು ಬ್ಯಾರೆ ಪಾತ್ರಿಗೆ ಬಗ್ಗಿಸ್ರಿ. ಇನ್ನೊಂದ್ಸಲ, ಮತ್ತೊಂದ್ಸಲ. ಮರುದಿನ ತಳಕ್ಕ ಬೆಣ್ಣಿಯಂಥಾ ರಾಡಿ ಸಿಗತೈತಿ. ಅದನ್ನ ಒಣಗಿಸಿ ಅಂಟಿನ ನೀರಾಗ ಕಲ್ಲಿನ ಮ್ಯಾಲೆ ಅರೀರಿ, ಹಲ್ಲಿಗೆ ಉಸುಕು ಸಿಕ್ಕಂಗ ಕರಕರ ಅನ್ನೂದು ನಿಂದ್ರೂತನಕ. ಅಂಟು ಕಮ್ಮಿಯಾದ್ರ ಒರಸಿದಾಗ ಕೈಗೆ ಹತ್ತತೈತಿ, ಹೆಚ್ಚಾದ್ರ ಒಣಗಿ ಬಿರಿತೈತಿ. ಗಂಗಾವತಿ ಕಡೆ ಹಿರೇಬೆನಕಲ್ ಗುಡ್ಡದಾಗ ಬಂಡೆಗಲ್ಲಿನ ಮ್ಯಾಲೆ ಹಳೇ ಕಾಲದ ಕೆಂಪು ಚಿತ್ರ ಅದಾವಲ್ಲ, ಕಲ್ಲುಮನಿ ಸಮಾಧಿಗಳ ಹತ್ರ, ಇನ್ನೂ ಕಾಣತಾವ. ಮಣ್ಣಿನ ಕೆಂಪು ಬಿಸಿಲಿಗೆ ಅಂಜೂದಿಲ್ಲ. ಅರಿಶಿನ ಹಂಗಲ್ಲ, ಗ್ವಾಡಿಗೆ ತೂಗು ಹಾಕಿದ್ರ ಕೆಲವೇ ವಾರದಾಗ ಬೆಳ್ಳಗ. ಸುಣ್ಣ ಹಾಕಿ ಓಕಳಿ ಕೆಂಪು ಮಾಡಿದ್ರೂ ಅಷ್ಟ, ಮುಚ್ಚಿಡೂ ಪುಸ್ತಕದಾಗ ಆದ್ರ ನಡೀತೈತಿ.

ತಡೀರಿ ತಡೀರಿ, ಗೀಟು ನೋಡ್ರಿ ಮೊದಲು. ತುದಿಯಾಗ, ಮಸಿ ದಪ್ಪ ನಿಂತಲ್ಲಿ, ಕರ್ರಗಾತು. ನಡುವು ಇನ್ನೂ ನೀಲಿ ಬೂದಿ, ನಾಳಿಗೆ ಅದೂ ಕಪ್ಪು. ಚಿತ್ರದಾಗಿನ ಬಂಡೆಗಲ್ಲಿನ ನೆರಳಿಗೆ ಇದ ಮಸಿಗೆ ಮೂರು ಪಟ್ಟು ಫಿಲ್ಟರ್ ನೀರು ಕೂಡಿಸಿ ತೊಳದಂಗ ಬಿಟ್ಟೀನಿ, ಇಲ್ಲಿ. ಲೆಕ್ಕಣಿಕಿ ಈಗಲೇ ತೊಳೀಬೇಕು, ಬಾಟ್ಲಿ ಮುಚ್ಚಳ ಬಿಗಿ ಮಾಡ್ರಿ, ಗಾಳಿ ಹೋಗಬಾರದು.